ಇಷ್ಟು ಒಳ್ಳೆ ನಾಟಕಕ್ಕೆ ಒಂದೇ ಪ್ರದರ್ಶನ ಸಾಕಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮೂರಿನ ಹವ್ಯಾಸಿ ತಂಡವೊಂದು ಮದುವೆ ಬಗ್ಗೆ ಹೊಸ ನಾಟಕ ಆಡಿತು. ಸುಮ್ನೆ ಮನೆಯಲ್ಲಿ ಕೂರೋದ್ಯಾಕೆ ಅಂತ ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆ. ನಾಲ್ಕು ದಿನ ಆಯಿತು, ಮನೆಯಲ್ಲಿ ಇನ್ನೂ ಅದೇ ಮಾತು.

ದಾವಣಗೆರೆಯವರಿಗೆ ಸಂಸಾರದ ನಾಟಕ ಹೊಸದೇನಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಕ್ಯಾಂಪ್ ಹಾಕುವ ಕಂಪನಿಗಳ ನಾಟಕ ನೋಡಿಕೊಂಡೇ ಬೆಳೆದವಳು ನಾನು. ಅಲ್ಲಿ ವರದಕ್ಷಿಣೆ ಕೇಳುವ ಅತ್ತೆ ಯಾರು ಅಂತ ರಂಗಕ್ಕೆ ಬರುವ ಮೊದಲೇ ಗೊತ್ತಾಗುತ್ತಿತ್ತು, ಹಾರ್ಮೋನಿಯಂ ದನಿಯೇ ಬೇರೆ. ಕೊನೆಗೆ ಅವಳು ಅಳುತ್ತಿದ್ದಳು, ಸೊಸೆ ಕ್ಷಮಿಸುತ್ತಿದ್ದಳು, ನಾವು ಎದ್ದು ಮಂಡಕ್ಕಿ ಮಿರ್ಚಿ ತಿನ್ನಲು ಹೋಗುತ್ತಿದ್ದೆವು.

ಈ ನಾಟಕದಲ್ಲಿ ಅಂಥ ಕೆಟ್ಟವರು ಯಾರೂ ಇಲ್ಲ. ಮದುವೆ ಮಾತುಕತೆಯ ದಿನ ಗಂಡಿನ ತಂದೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, 'ನಾವೇನೂ ಕೇಳಲ್ಲಪ್ಪ. ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ' ಅನ್ನುತ್ತಾರೆ. ಅಷ್ಟೇ. ಹೆಣ್ಣಿನ ತಂದೆ ಜೇಬಿನಿಂದ ಪೆನ್ನು ತೆಗೆಯುತ್ತಾರೆ. ಇದ್ದಷ್ಟೂ ಜನ ನಕ್ಕರು, ನಾನೂ ನಕ್ಕೆ. ಪಕ್ಕದಲ್ಲಿ ಅತ್ತೆ ನಗಲಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ, ಅವರ ಮದುವೆ ಆಗಿದ್ದು 1978ರಲ್ಲಿ. ಇದೇ ಮಾತು ಕೇಳಿಸಿಕೊಂಡು ಬಂದ ಅವರ ಅಪ್ಪ ಎರಡು ಎಕರೆ ಹೊಲ ಮಾರಿದರಂತೆ. ನಾನು ಈ ಮನೆಗೆ ಬಂದು ಹದಿನೇಳು ವರ್ಷ. ಇದನ್ನು ಅವರ ಬಾಯಿಂದ ಕೇಳಿದ್ದು ಅವತ್ತು, ವಾಪಸ್ ಬರುವಾಗ ಆಟೋದಲ್ಲಿ. (ನನ್ನ ಮದುವೆಯಲ್ಲೂ ಇದೇ ಮನೆಯವರು ಅದೇ ಮಾತು ಆಡಿದ್ದರು. ಅದನ್ನು ನಾನು ಎತ್ತಲಿಲ್ಲ ಬಿಡಿ.)

ನಾಟಕದಲ್ಲಿ ಕೊರತೆ ಇಲ್ಲ ಅಂತಲ್ಲ. ಎರಡನೇ ಭಾಗದಲ್ಲಿ ಭಾಷಣ ಜಾಸ್ತಿ. ಕೊನೆಯಲ್ಲಿ ಗಂಡ ಹೆಂಡತಿ ರಾಜಿಯೂ ಆಗಲ್ಲ, ಬೇರೆಯೂ ಆಗಲ್ಲ. 'ಇದೇನ್ರೀ, ಮುಗಿಸಲೇ ಇಲ್ಲ' ಅಂತ ಹಿಂದೆ ಯಾರೋ ಗೊಣಗಿದರು. ನನಗಂತೂ ಅದೇ ಹಿಡಿಸಿತು.

ನನ್ನ ಬೇಸರ ಬೇರೆ. ಶಾಲೆ, ಬ್ಯಾಂಕು, ಅಂಗಡಿ ಕೆಲಸ ಮುಗಿಸಿ ಬಂದವರು ಎರಡು ತಿಂಗಳು ರಾತ್ರಿ ತಾಲೀಮು ಮಾಡಿದ ನಾಟಕ ಒಂದೇ ಪ್ರದರ್ಶನಕ್ಕೆ ಮುಗಿದುಹೋಯಿತು. ಅದಕ್ಕೂ ಅರ್ಧ ಕುರ್ಚಿ ಖಾಲಿ. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ನಾಟಕ ತಂಡದವರು 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ರಾಜ್ಯ ಸುತ್ತುತ್ತಾರೆ. ಅವರಿಗೆ ಮಠದ ಆಸರೆ ಇದೆ, ನಮ್ಮ ಹುಡುಗರಿಗೆ ಇಲ್ಲ, ಒಪ್ಪುತ್ತೇನೆ. ಹಾಗಂತ ಹರಿಹರ, ಜಗಳೂರು, ಚನ್ನಗಿರಿಯಲ್ಲಿ ಒಂದೊಂದು ಆಟ ಆಡಿಸಲು ಆಗದಷ್ಟು ಬಡವರಾ ನಾವು? ಮದುವೆ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ಊರು ಇದು, ಅಲ್ವಾ?

ನಿಮ್ಮಲ್ಲೂ ಒಂದು ಕೋರಿಕೆ. ಈ ನಾಟಕದ ಸುದ್ದಿ ನನಗೆ ಸಿಕ್ಕಿದ್ದು ಬೇಕರಿ ಗೋಡೆಗೆ ಅಂಟಿಸಿದ್ದ ಚೀಟಿಯಿಂದ. ನಗರದ ಕಾರ್ಯಕ್ರಮಗಳ ಅಂಕಣದಲ್ಲಿ ಸನ್ಮಾನ, ಉಪನ್ಯಾಸಗಳ ಜತೆ ನಾಟಕಕ್ಕೂ ಎರಡು ಸಾಲು ಕೊಡಿ. ಅದೂ ಹಿಂದಿನ ದಿನವೇ.

ಮತ್ತೆ ಆಡಿದರೆ ಅತ್ತೆ ತಮ್ಮ ತಂಗಿಯನ್ನೂ ಕರೆದುಕೊಂಡು ಹೋಗುತ್ತಾರಂತೆ. ಟಿಕೆಟ್ ದುಡ್ಡು ಅವರದೇ.

– ಓದುಗಿ, ವಿದ್ಯಾನಗರ, ದಾವಣಗೆರೆ