ಪುಟ್ಟಿಯ ಗ್ಲೌಸಿಗೆ ಯಾವ ವೆಬ್?

ಸೇಂಟ್ ಲೂಯಿಸ್, ಮಿಸೌರಿ

ಪ್ರೀತಿಯ ಅಣ್ಣನಿಗೆ, ಅತ್ತಿಗೆಗೆ,

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಆರಿದ್ರಾ ಮಳೆ ಜೋರಾಗಿ ಹಿಡಿದಿದೆ, ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ ಅಂತ ಅತ್ತಿಗೆ ಹೇಳಿದರು. ತೋಟಕ್ಕೆ ಔಷಧಿ ಹೊಡೆಯುವವರು ಸಿಕ್ಕರಾ? ಮಳೆ ಸ್ವಲ್ಪ ಬಿಡುವು ಕೊಟ್ಟಾಗಲೇ ಬೋರ್ಡೋ ಒಂದು ಸುತ್ತು ಮುಗಿಸಿಬಿಡು. ಕೊಳೆ ಬಂದ ಮೇಲೆ ಏನು ಮಾಡಿದರೂ ಅಷ್ಟೇ.

ಈಗ ಪುಟ್ಟಿಯ ಸಾಫ್ಟ್‌ಬಾಲ್ ಗ್ಲೌಸಿನ ವಿಷಯ. ಮೊನ್ನೆ ಫೋನಿನಲ್ಲಿ ನೀನು "ಗ್ಲೌಸ್ ತಾನೇ, ಯಾವುದೋ ಒಂದು ಒಳ್ಳೇದು ನೋಡಿ ಕಳಿಸು" ಅಂದೆ. ಅವಳು ಫೋನ್ ಕಿತ್ತುಕೊಂಡು "ಅತ್ತೆ, ಟ್ರೆಪೀಜ್ ವೆಬ್ ಇರೋದೇ ಬೇಕು" ಅಂದಳು. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಹೊರಟರೆ ಅರ್ಧ ಮಾತು ಮಳೆ ಸದ್ದಿಗೇ ಹೋಗುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪುಟ್ಟಿಗೂ ಓದಿ ಹೇಳು, ಇಲ್ಲ ಅವಳ ಕೈಗೇ ಕೊಡು.

ವೆಬ್ ಅಂದರೆ ಗ್ಲೌಸಿನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರುವ ಚರ್ಮದ ಭಾಗ. ಚೆಂಡು ಬಂದು ನಿಲ್ಲಬೇಕಾದ್ದು ಅಲ್ಲಿ, ಅಂಗೈಯಲ್ಲಲ್ಲ. ಅಂಗೈಗೇ ಬಡಿದರೆ ಕೈ ಉರಿಯುತ್ತೆ, ಚೆಂಡೂ ಚಿಮ್ಮಿ ಹೋಗುತ್ತೆ. ವೆಬ್ ಎಷ್ಟು ಆಳ, ಎಷ್ಟು ಬಿಗಿ, ಅದರಲ್ಲಿ ಸಂದಿ ಇದೆಯೋ ಇಲ್ಲವೋ, ಇದರ ಮೇಲೆ ಇಡೀ ಗ್ಲೌಸಿನ ಗುಣ ನಿಂತಿದೆ.

ನಿನಗೆ ಕ್ರಿಕೆಟ್ಟಿನ ಲೆಕ್ಕದಲ್ಲೇ ಹೇಳುತ್ತೇನೆ. ಕ್ರಿಕೆಟ್ಟಿನಲ್ಲಿ ಫೀಲ್ಡಿಂಗ್ ಮಾಡುವಾಗ ವಿಕೆಟ್ ಕೀಪರ್ ಒಬ್ಬರಿಗೆ ಮಾತ್ರ ಗ್ಲೌಸ್. ಅವರಿಗೂ ಹೆಬ್ಬೆರಳು ತೋರುಬೆರಳಿನ ನಡುವೆ ಮಾತ್ರ ವೆಬ್ ಇರಬಹುದು, ಅದು ಹಿಗ್ಗದ ಒಂದೇ ತುಂಡಿನದಾಗಿರಬೇಕು, ಎರಡು ಬೆರಳುಗಳ ತುದಿಗೆ ಎಳೆದ ಗೆರೆಗಿಂತ ಮೇಲೆ ಹೋಗಬಾರದು ಅಂತ ನಿಯಮವೇ ಇದೆ. ಉಳಿದವರೆಲ್ಲ ಬರಿಗೈ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಕಾಲದಲ್ಲೂ ಹಾಗೇ, ಇವತ್ತೂ ಹಾಗೇ. ಬೇಸ್‌ಬಾಲ್, ಸಾಫ್ಟ್‌ಬಾಲ್‌ನಲ್ಲಿ ಹಾಗಲ್ಲ. ಒಂಬತ್ತು ಜನಕ್ಕೂ ಗ್ಲೌಸ್ ಇರುತ್ತೆ. ಒಬ್ಬೊಬ್ಬರು ನಿಲ್ಲುವ ಜಾಗದಲ್ಲಿ ಒಂದೊಂದು ಕೆಲಸ, ಹಾಗಾಗಿ ಒಂದೊಂದು ಬಗೆಯ ವೆಬ್.

ಈ ವೆಬ್ ಬೆಳೆದದ್ದು ನಾನಿರುವ ಊರಿನಲ್ಲೇ ಅನ್ನೋದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಬಿಲ್ ಡೋಕ್ ಅಂತ ಇಲ್ಲಿನ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಒಬ್ಬರಿದ್ದರು. ಆಗಿನ ಗ್ಲೌಸುಗಳು ಕೈ ನೋಯದ ಹಾಗೆ ಒಳಗೆ ಮೆತ್ತೆ ತುಂಬಿದ ದಪ್ಪ ಚರ್ಮ, ಅಷ್ಟೇ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಚರ್ಮದ ದಾರ ಹೆಣೆದರೆ ಚೆಂಡು ಅಲ್ಲೇ ಕೂರುತ್ತೆ ಅಂತ ಡೋಕ್ 1919ರಲ್ಲಿ ಇದೇ ಊರಿನ ರಾಲಿಂಗ್ಸ್ ಕಂಪನಿಗೆ ಹೇಳಿದರು. 1920ರಲ್ಲಿ ಆ ಗ್ಲೌಸ್ ಅಂಗಡಿಗೆ ಬಂತು. ಕೈ ಕಾಯುವ ಸಾಮಾನು ಚೆಂಡು ಹಿಡಿಯುವ ಸಾಮಾನಾಯಿತು. ಇವತ್ತು ಅಂಗಡಿಯಲ್ಲಿ ಕಾಣುವ ಅಷ್ಟೂ ಬಗೆಯ ವೆಬ್‌ಗಳಿಗೆ ಮೂಲ ಅದೇ.

ಶನಿವಾರ ಇಲ್ಲೊಂದು ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಒಂದು ಗೋಡೆ ತುಂಬ ಗ್ಲೌಸುಗಳೇ. ಅಲ್ಲಿದ್ದ ಹುಡುಗಿ ಕಾಲೇಜು ತಂಡದಲ್ಲಿ ಸಾಫ್ಟ್‌ಬಾಲ್ ಆಡುವವಳು, ಒಳ್ಳೆ ತಾಳ್ಮೆ. ಒಂದೊಂದನ್ನೇ ಕೈಗೆ ಹಾಕಿಸಿ, ಚೆಂಡು ಹಾಕಿ ತೋರಿಸಿದಳು.

ಮೊದಲು ಕೊಟ್ಟದ್ದು ಹನ್ನೊಂದೂವರೆ ಇಂಚಿನ ಬೇಸ್‌ಬಾಲ್ ಗ್ಲೌಸ್, ಐ-ವೆಬ್‌ನದು. ನಡುವೆ ನೆಟ್ಟಗೆ ಪಟ್ಟಿ, ಮೇಲೆ ಕೆಳಗೆ ಅಡ್ಡಪಟ್ಟಿ, ಎರಡೂ ಬದಿ ಖಾಲಿ. ಬಹಳ ಹಗುರ. ಬೇಸ್‌ಬಾಲ್ ಹಾಕಿದರೆ ಚೆನ್ನಾಗಿ ಕೂತಿತು, ಬಲಗೈ ಹಾಕಿದ ತಕ್ಷಣ ಸಿಕ್ಕಿತು. ಬೇಸ್ ಅಂದರೆ ರನ್ನಿಗೆ ಓಡುವವರು ಮುಟ್ಟಬೇಕಾದ ಗುರುತು. ಸೆಕೆಂಡ್ ಬೇಸ್‌ನಲ್ಲಿ, ಸೆಕೆಂಡ್ ಥರ್ಡ್ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲುವವರಿಗೆ ಬೇಕಾದ್ದು ಇದೇ. ಅವರು ಚೆಂಡು ಹಿಡಿದ ಮರುಕ್ಷಣ ಎಸೆಯಬೇಕು, ಪಾಕೆಟ್, ಅಂದರೆ ಚೆಂಡು ಕೂರುವ ಗುಳಿ, ಆಳವಿದ್ದರೆ ಅದರೊಳಗೆ ಚೆಂಡು ಹುಡುಕಬೇಕಾಗುತ್ತೆ. ಆಮೇಲೆ ಅದೇ ಗ್ಲೌಸಿಗೆ ಸಾಫ್ಟ್‌ಬಾಲ್ ಹಾಕಿದಳು. ಚೆಂಡು ಒಳಗೆ ಇಳಿಯಲೇ ಇಲ್ಲ. ಅರ್ಧ ಚೆಂಡು ವೆಬ್‌ನ ಅಂಚಿನಿಂದ ಹೊರಗೆ ಇಣುಕುತ್ತಿತ್ತು. ಕೈ ಸ್ವಲ್ಪ ವಾಲಿಸಿದೆ, ಉರುಳಿ ಕೆಳಗೆ ಬಿತ್ತು.

ಕಾರಣ ಸುಲಭ. ಬೇಸ್‌ಬಾಲ್ ಚೆಂಡಿನ ಸುತ್ತಳತೆ 9 ಇಂಚಿನ ಮೇಲೆ ಚೂರು, ಹೆಚ್ಚುಕಡಿಮೆ ನಿನ್ನ ಕ್ರಿಕೆಟ್ ಚೆಂಡಿನಷ್ಟೇ. ಪುಟ್ಟಿ ಆಡುವ ಸಾಫ್ಟ್‌ಬಾಲ್ 12 ಇಂಚು. ಹೆಸರಿನಲ್ಲಿ ಸಾಫ್ಟ್ ಇದ್ದರೂ ಮೆತ್ತಗೇನಿಲ್ಲ, ತೂಕವೂ ಜಾಸ್ತಿ, 180 ಗ್ರಾಂ ಆಸುಪಾಸು. ಹಾಗಾಗಿ ಬೇಸ್‌ಬಾಲ್ ಆಟಗಾರರ ಗ್ಲೌಸ್ ನೋಡಿ ಅದರದೇ ವೆಬ್ ಬೇಕು ಅನ್ನೋದು ಸಾಫ್ಟ್‌ಬಾಲ್ ಆಡುವ ಹುಡುಗಿಗೆ ಸರಿಹೋಗುವುದಿಲ್ಲ. ಸಾಫ್ಟ್‌ಬಾಲಿಗೆ ಅಂತಲೇ ಪಾಕೆಟ್ ಆಳ ಮಾಡಿ, ಬೆರಳು ತೂರಿಸುವ ಜಾಗ ಕಿರಿದು ಮಾಡಿ ಹೊಲಿದ ಗ್ಲೌಸುಗಳಿವೆ. ಅವುಗಳಲ್ಲೇ ಆರಿಸಬೇಕು.

ಇನ್ನು ಪುಟ್ಟಿ ಕೇಳಿದ ಟ್ರೆಪೀಜ್. ನಡುವೆ ಉದ್ದಕ್ಕೆ ಒಂದು ಚರ್ಮದ ತುಂಡು, ಅದರ ಎರಡೂ ಬದಿಗೆ ಲೇಸ್ ಹಾಕಿ ಬೆರಳುಗಳಿಗೆ ಬಿಗಿದಿರುತ್ತಾರೆ. ನೋಡಲು ನಿಜಕ್ಕೂ ಚೆಂದ ಪುಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಪಾಕೆಟ್ ಆಳ, ಮೃದುವಾಗಿ ಬಾಗುತ್ತೆ, ಓಡುತ್ತಾ ಕೈ ಚಾಚಿ ಹಿಡಿಯುವಾಗ ಚೆಂಡು ತುದಿಯಲ್ಲಿ ಸಿಕ್ಕಿಕೊಂಡರೂ ಬಿಡುವುದಿಲ್ಲ. ಔಟ್‌ಫೀಲ್ಡ್‌ನಲ್ಲಿ ನಿಂತು ಎತ್ತರದ ಕ್ಯಾಚಿಗೆ ಓಡುವವರಿಗೆ ಒಳ್ಳೇದು. ಆದರೆ ಅದರ ಆಕಾರ ನಿಂತಿರುವುದೇ ಲೇಸಿನ ಮೇಲೆ. ಲೇಸ್ ಸಡಿಲವಾದರೆ ವೆಬ್ಬೇ ಸಡಿಲ. ನಮ್ಮೂರಿನ ಮಳೆಗಾಲ ನೆನೆಸಿಕೊಂಡರೆ ನನಗೆ ಅದನ್ನು ಕೊಳ್ಳಲು ಮನಸ್ಸು ಬರುವುದಿಲ್ಲ.

ಪುಟ್ಟಿ ನಿಲ್ಲುವುದು ಥರ್ಡ್ ಬೇಸ್‌ನಲ್ಲಿ ಅಲ್ವಾ? ಸಾಫ್ಟ್‌ಬಾಲ್‌ನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ. ಬೇಸ್‌ಬಾಲ್‌ನಲ್ಲಿ 90. ಮೊದಲೇ ಜಾಗ ಚಿಕ್ಕದು. ಬಂಟ್ ಮಾಡುತ್ತಾರೆ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ ಹತ್ತಿರದಲ್ಲೇ ಬೀಳಿಸುತ್ತಾರೆ) ಅನ್ನೋ ಅನುಮಾನ ಬಂದರೆ ಥರ್ಡ್ ಬೇಸ್‌ನವಳು ಇನ್ನೂ ಮುಂದೆ ಬಂದು ಬಗ್ಗಿ ನಿಲ್ಲುತ್ತಾಳೆ, ಹೆಚ್ಚುಕಡಿಮೆ ಸಿಲ್ಲಿ ಪಾಯಿಂಟ್‌ನಲ್ಲಿ ನಿಂತಂತೆ. ಅಲ್ಲಿಗೆ ಬರುವ ಹೊಡೆತಕ್ಕೆ ಯೋಚನೆ ಮಾಡಲು ಪುರುಸೊತ್ತಿಲ್ಲ. ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಹುಡುಗಿಯರು ಆಡುವುದನ್ನು ಸಂಜೆ ಹೊತ್ತು ನೋಡುತ್ತೇನೆ. ಮೊನ್ನೆ ಥರ್ಡ್ ಬೇಸ್‌ನವಳು ನೆಲಕ್ಕೆ ಮೊಣಕಾಲು ಊರಿ, ಗ್ಲೌಸಿನ ತುದಿ ಮಣ್ಣಿಗೆ ತಾಗಿಸಿ ಚೆಂಡು ಬಾಚಿಕೊಂಡಳು. ಎದ್ದು ಎಸೆಯುವ ಹೊತ್ತಿಗೆ ವೆಬ್‌ನ ಸಂದಿಗಳಿಂದ ಮಣ್ಣು ಪುರಪುರ ಅಂತ ಉದುರಿಹೋಯಿತು. ಕೈಗೆ ಚೆಂಡು ಮಾತ್ರ ಬಂತು, ಮಣ್ಣು ಬರಲಿಲ್ಲ. ಅವಳ ಹತ್ತಿರ ಹೋಗಿ ಗ್ಲೌಸ್ ತೋರಿಸು ಅಂತ ಕೇಳಿದೆ. ಎಚ್-ವೆಬ್.

ಎಚ್-ವೆಬ್‌ನಲ್ಲಿ ನೆಟ್ಟಗೆ ಎರಡು ಅಗಲದ ಪಟ್ಟಿ, ಅವನ್ನು ಜೋಡಿಸುವ ಒಂದು ಅಡ್ಡಪಟ್ಟಿ, ಅಷ್ಟೇ. ಎರಡು ಪಟ್ಟಿ ಇರುವುದರಿಂದ ಐ-ವೆಬ್‌ಗಿಂತ ಬಿಗಿ. ಜೋರಾದ ಹೊಡೆತ ಬಿದ್ದರೂ ಹಿಂದಕ್ಕೆ ಬಾಗುವುದು ಕಡಿಮೆ. ಸಂದಿ ಇರುವುದರಿಂದ ಮಣ್ಣೂ ನಿಲ್ಲುವುದಿಲ್ಲ, ನೀರೂ ನಿಲ್ಲುವುದಿಲ್ಲ. ಎತ್ತರದ ಚೆಂಡು ಬಂದಾಗ ಗ್ಲೌಸನ್ನು ಸೂರ್ಯನಿಗೆ ಅಡ್ಡ ಹಿಡಿದು ಆ ಸಂದಿಯಿಂದಲೇ ಚೆಂಡು ನೋಡಬಹುದು. ಒಂದೊಂದು ಮ್ಯಾಚಿನಲ್ಲಿ ಮೇಷ್ಟ್ರು ಅವಳನ್ನು ಔಟ್‌ಫೀಲ್ಡಿಗೆ ಕಳಿಸುತ್ತಾರಂತಲ್ಲ, ಅಲ್ಲಿಗೂ ಇದು ನಡೆಯುತ್ತೆ. ಅಂಗಡಿಯಲ್ಲಿ ಹನ್ನೆರಡು ಇಂಚಿನ ಸಾಫ್ಟ್‌ಬಾಲ್ ಗ್ಲೌಸ್ ಒಂದು, ಎಚ್-ವೆಬ್‌ನದು, ಹಾಕಿ ನೋಡಿದೆ. ಚೆಂಡು ಪೂರ್ತಿ ಒಳಗೆ ಇಳಿಯಿತು. ಕೈ ತಲೆಕೆಳಗು ಮಾಡಿದರೂ ಬೀಳಲಿಲ್ಲ. ನನ್ನ ಮನಸ್ಸು ಅದರ ಮೇಲೇ ಇದೆ.

ಆದರೆ ಒಂದು ವಿಷಯ ಖಾತ್ರಿಯಾಗಬೇಕು. ಮುಂದಿನ ವರ್ಷ ಪುಟ್ಟಿಯನ್ನು ಪಿಚರ್ ಮಾಡಬೇಕು ಅಂತ ಪಿ.ಟಿ. ಮೇಷ್ಟ್ರು ಹೇಳಿದ್ದಾರೆ ಅಂದಿದ್ದಳು. ಅದು ನಿಜವಾದರೆ ಎಚ್-ವೆಬ್ ಬೇಡವೇ ಬೇಡ. ಪಿಚರ್ ಚೆಂಡನ್ನು ಯಾವ ಬೆರಳಿನಲ್ಲಿ ಹೇಗೆ ಹಿಡಿದಿದ್ದಾಳೆ ಅನ್ನೋದನ್ನು ಗ್ಲೌಸಿನೊಳಗೇ ಮುಚ್ಚಿಟ್ಟುಕೊಳ್ಳಬೇಕು. ಸಂದಿ ಇದ್ದರೆ ಬ್ಯಾಟ್ ಹಿಡಿದವಳಿಗೂ ಬೇಸಿನಲ್ಲಿ ನಿಂತವಳಿಗೂ ಬೆರಳು ಕಾಣುತ್ತೆ, ನಿಧಾನದ ಚೆಂಡೋ ತಿರುಗುವ ಚೆಂಡೋ ಅಂತ ಮೊದಲೇ ಗೊತ್ತಾಗಿಬಿಡುತ್ತೆ. ಪಿಚರ್‌ಗೆ ಮುಚ್ಚಿದ ವೆಬ್ ಬೇಕು. ಅದರಲ್ಲಿ ಎರಡು ತುಂಡು ಚರ್ಮ ಸೇರಿಸಿ ಬಿಗಿದದ್ದು ಒಂದು ಬಗೆ, ಪಟ್ಟಿಗಳನ್ನು ಬುಟ್ಟಿಯ ಹಾಗೆ ಹೆಣೆದದ್ದು ಇನ್ನೊಂದು. ಹೆಣೆದದ್ದು ಚೆನ್ನಾಗಿ ಬಾಗುತ್ತೆ, ಆದರೆ ಆ ಹೆಣಿಗೆಯ ಒಳಗೆ ಕೆಸರು ಹೊಕ್ಕರೆ ತೆಗೆಯುವುದು ಕಷ್ಟ. ಪಿಚರ್ ಆಗುವುದಾದರೆ ನಾನು ಎರಡು ತುಂಡಿನದನ್ನೇ ತರುತ್ತೇನೆ. ಮುಚ್ಚಿದ ವೆಬ್ ಹಾಕಿಕೊಂಡು ಥರ್ಡ್ ಬೇಸ್ ಆಡಬಹುದು, ಸ್ವಲ್ಪ ತೂಕ ಜಾಸ್ತಿ ಅಷ್ಟೇ. ತೆರೆದ ವೆಬ್ ಹಾಕಿಕೊಂಡು ಪಿಚ್ ಮಾಡಿದರೆ ಗುಟ್ಟೇ ಉಳಿಯುವುದಿಲ್ಲ.

ಕ್ಯಾಚರ್, ಫಸ್ಟ್ ಬೇಸ್‌ನವರ ಮಿಟ್ ಬೇರೆಯೇ, ಅದಕ್ಕೆ ಬೆರಳುಗಳೇ ಬಿಡಿಬಿಡಿಯಾಗಿರುವುದಿಲ್ಲ. ನಮಗೆ ಅದರ ಸುದ್ದಿ ಬೇಡ.

ಯಾವುದೇ ತಂದರೂ ನಮ್ಮೂರಿನ ಮಳೆಯಲ್ಲಿ ಅದನ್ನು ಕಾಪಾಡುವುದು ದೊಡ್ಡ ಕೆಲಸ. ಗ್ಲೌಸ್ ಪೂರ್ತಿ ಚರ್ಮ, ಲೇಸೂ ಚರ್ಮ. ಅಮ್ಮನಿಗೆ ಮೊದಲೇ ಹೇಳಿಬಿಡು, ಒಳಗೆ ತರುವುದು ಬೇಡ, ಜಗಲಿಯಲ್ಲಿ ಗೂಟಕ್ಕೆ ನೇತುಹಾಕಲಿ. ಅಲ್ಲಿ ಗಾಳಿಯೂ ಆಡುತ್ತೆ. ಮಳೆಗಾಲದಲ್ಲಿ ನಿನ್ನ ಬೆಲ್ಟು, ಅಪ್ಪನ ಹಳೆ ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಿತ್ತಲ್ಲ, ಇದಕ್ಕೂ ಹಾಗೇ ಹಿಡಿಯುತ್ತೆ. ಆಡಿ ಬಂದ ದಿನವೇ ಒಣ ಬಟ್ಟೆಯಲ್ಲಿ ವೆಬ್‌ನ ಸಂದಿ, ಲೇಸಿನ ಗಂಟು ಎಲ್ಲ ಒರೆಸಬೇಕು. ಒದ್ದೆ ಗ್ಲೌಸನ್ನು ಚೀಲದಲ್ಲಿ ಹಾಕಿ ರಾತ್ರಿಯೆಲ್ಲ ಬಿಡಬಾರದು.

ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಹತ್ತಿರ ಮಾತ್ರ ಇಡಬೇಡಿ. ಅತ್ತಿಗೆ, ಇದನ್ನು ನೀವೇ ನೋಡಿಕೊಳ್ಳಬೇಕು. ಬೆಂಕಿಯ ಕಾವಿಗೆ ಚರ್ಮ ಗಟ್ಟಿಯಾಗಿ ಬಿರುಕು ಬಿಡುತ್ತೆ, ಲೇಸ್ ಪಟ್ ಅಂತ ಹರಿಯುತ್ತೆ. ತೆಂಗಿನ ಎಣ್ಣೆ ಸುರಿಯುವುದೂ ಬೇಡ. ಎಣ್ಣೆ ಕುಡಿದ ಚರ್ಮ ಭಾರವಾಗಿ ಜೋಲು ಬೀಳುತ್ತೆ. ಚರ್ಮಕ್ಕೆ ಹಚ್ಚುವ ಕ್ರೀಮಿನ ಒಂದು ಚಿಕ್ಕ ಡಬ್ಬಿ ಜೊತೆಗೇ ಕಳಿಸುತ್ತೇನೆ. ಬೆರಳಿನಲ್ಲಿ ಚೂರೇ ಚೂರು ತೆಗೆದು ತೆಳ್ಳಗೆ ಉಜ್ಜಿದರೆ ಸಾಕು. ಒಂದು ಜೊತೆ ಲೇಸ್, ಅದನ್ನು ತೂರಿಸುವ ಸೂಜಿಯನ್ನೂ ಇಡುತ್ತೇನೆ. ಪುಟ್ಟಿಯೇ ಕಲಿಯಲಿ. ಅವಳ ಕೈಲಿ ಆಗದಿದ್ದರೆ ಶಿವಮೊಗ್ಗದಲ್ಲಿ ಚಪ್ಪಲಿ, ಚೀಲ ಹೊಲಿಯುವವರ ಹತ್ತಿರ ಕೊಟ್ಟರೆ ಬಿಗಿದುಕೊಡುತ್ತಾರೆ.

ಹೊಸ ಗ್ಲೌಸ್ ಮೊದಮೊದಲು ಗಟ್ಟಿ ಇರುತ್ತೆ. ಅದನ್ನು ನೋಡಿ ಚೆನ್ನಾಗಿಲ್ಲ ಅಂದುಕೊಳ್ಳಬೇಡ ಪುಟ್ಟಿ. ದಿನಾ ಗೋಡೆಗೆ ಚೆಂಡು ಎಸೆದು ಹಿಡಿ. ರಾತ್ರಿ ಪಾಕೆಟ್ಟಿನಲ್ಲಿ ಚೆಂಡು ಇಟ್ಟು ಮೇಲಿಂದ ಬಟ್ಟೆಪಟ್ಟಿ ಕಟ್ಟಿಡು. ನಿಧಾನಕ್ಕೆ ಅದು ನಿನ್ನ ಕೈಗೆ ಒಗ್ಗುತ್ತೆ. ತಂಡದವರಿಗೆಲ್ಲ ಸುಮ್ನೆ ಹಾಕಿ ನೋಡಲು ಕೊಡಬೇಡ, ಒಬ್ಬೊಬ್ಬರ ಕೈ ಒಂದೊಂದು ಕಡೆ ಮಡಿಸುತ್ತೆ.

ಈಗ ನನಗೆ ಬೇಕಾದ್ದು ಇಷ್ಟು. ಅವಳ ಎಡಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಫೋಟೋ ಕಳಿಸು, ಪಕ್ಕದಲ್ಲಿ ಸ್ಕೇಲ್ ಇಟ್ಟಿರು. ಬಲಗೈಯಲ್ಲಿ ಎಸೆಯುವವರು ಗ್ಲೌಸ್ ಹಾಕುವುದು ಎಡಗೈಗೆ. ಇಲ್ಲಿ ಅದರ ಮೇಲೆ 'ರೈಟ್ ಹ್ಯಾಂಡ್ ಥ್ರೋ' ಅಂತ ಬರೆದಿರುತ್ತಾರೆ, ಅದು ಎಡಗೈಯದೇ. ಬಂದ ಮೇಲೆ ಆ ಚೀಟಿ ನೋಡಿ ಗಾಬರಿಯಾಗಬೇಡಿ. ಆಮೇಲೆ ನೀನೇ ಒಂದು ಸಲ ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ಕೇಳು. ಥರ್ಡ್ ಬೇಸೋ ಪಿಚರ್ರೋ, ಎರಡರಲ್ಲಿ ಒಂದು ಹೇಳಲಿ. ಅವಳ ಮಾತಿಗಿಂತ ಅವರ ಮಾತು ನನಗೆ ಮುಖ್ಯ. ಗೌರಿಹಬ್ಬಕ್ಕೆ ನಮ್ಮ ಆಫೀಸಿನವರೊಬ್ಬರು ಸಾಗರಕ್ಕೆ ಬರುತ್ತಿದ್ದಾರೆ, ಅವರ ಕೈಲಿ ಕೊಟ್ಟು ಕಳಿಸುತ್ತೇನೆ. ಬಣ್ಣ ಮಾತ್ರ ಪುಟ್ಟಿಯದೇ ಆಯ್ಕೆ. ಎರಡು ಬಣ್ಣ ಬರೆದು ಕಳಿಸಲಿ, ಒಂದು ಸಿಗದಿದ್ದರೆ ಇನ್ನೊಂದು.

ಅವರು ವಾಪಸು ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಡಬ್ಬಿ ಕೊಡಿ ಅತ್ತಿಗೆ. ಎಣ್ಣೆ ಸೋರದ ಹಾಗೆ ಚೆನ್ನಾಗಿ ಕಟ್ಟಿ. ಅಮ್ಮನ ಮಂಡಿನೋವು ಹೇಗಿದೆ ಅಂತ ಬರೆಯಿರಿ.

ಇಂತಿ ನಿನ್ನ ತಂಗಿ