ಅಂಗಡಿಯ ಚಿತ್ತಾರಕ್ಕೆ ಕೈಜೋಡಿಸಿದ ತಾಯಿಗೆ

ಸಾಗರದ ಪೇಟೆಯಲ್ಲಿರುವ, ನಮ್ಮ ತಂದೆಯವರ ಕಾಲದ ದಿನಸಿ ಅಂಗಡಿಯ ಮುಂಗೋಡೆಯ ಮೇಲೆ ಮಲೆನಾಡಿನ ದೀವರು ಸಮುದಾಯದವರ ಮನೆಗೋಡೆಗಳ ಸಾಂಪ್ರದಾಯಿಕ ಚಿತ್ರಕಲೆಯಾದ ಹಸೆ ಚಿತ್ತಾರವನ್ನು ಬರೆಸುತ್ತಿದ್ದಾಗ, ಸಾಮಾನಿಗೆಂದು ಬಂದು, ಚೀಲವನ್ನು ಜಗಲಿಯಲ್ಲಿಟ್ಟು, ತಡವರಿಸುತ್ತಿದ್ದ ನಮ್ಮ ಹುಡುಗರಿಗೆ ನೆರವಾದ ಹಿರಿಯ ತಾಯಿಗೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಕಪ್ಪಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವುಗಳನ್ನು ಹದವಾಗಿ ಕಲಸಿಕೊಟ್ಟು, ಪುಂಡಿ ನಾರಿನ ಕುಂಚವನ್ನು ಹಿಡಿದು, ಅಳತೆಪಟ್ಟಿಯ ಹಂಗಿಲ್ಲದೆ ಅವರು ಎಳೆದ ಎಳೆಗಳು ಒಂದಿಷ್ಟೂ ಅಲುಗಿಲ್ಲ. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆದು ಪಳಗಿದ ಕೈ ಅದು ಎಂದು ನೋಡಿದೊಡನೆ ತಿಳಿಯುತ್ತಿತ್ತು. ಮಳೆಗಾಲದ ಇರಚಲು ತಾಗದಿರಲೆಂದು ಚಿತ್ತಾರವನ್ನು ಮಾಡಿನ ಅಡಿಗೆ ಏರಿಸಿ ಬರೆಯುವಂತೆ ಸೂಚಿಸಿದವರೂ ಅವರೇ. ಹೆಸರು ಕೇಳುವಷ್ಟರಲ್ಲಿ ಅವರು ಬಸ್ಸು ಹತ್ತಿಬಿಟ್ಟಿದ್ದರು. ಅಮ್ಮಾ, ಮುಂದಿನ ಬಾರಿ ಪೇಟೆಗೆ ಬಂದಾಗ ದಯವಿಟ್ಟು ಅಂಗಡಿಗೆ ಬನ್ನಿ. ಗೋಡೆಯ ಮೂಲೆಯಲ್ಲಿ ನಿಮ್ಮ ಹೆಸರನ್ನು ಬರೆಸಬೇಕಾಗಿದೆ.