ಬಾಲಿಯಲ್ಲಿ ಶಾಪಿಂಗ್: ಹೊರಡುವವರು ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಬಾಲಿ ಪ್ರವಾಸದಲ್ಲಿ ಏನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು ಅಂತ ಬಹಳ ಜನ ಕೇಳುತ್ತಿದ್ದೀರಿ. ಅದಕ್ಕೇ ಒಂದೇ ಕಡೆ ಬರೆಯುತ್ತಿದ್ದೇನೆ.

ಅಲ್ಲಿ ಒಂದೊಂದು ಊರಿಗೆ ಒಂದೊಂದು ಕಸುಬು. ಬೆಳ್ಳಿಗೆ ಚೆಲುಕ್, ಮರದ ಕೆತ್ತನೆಗೆ ಮಾಸ್, ಕಲ್ಲಿಗೆ ಬಟುಬುಲಾನ್, ಚಿತ್ರಕ್ಕೆ ಬಟುವಾನ್. ಇವೆಲ್ಲ ಉಬುದ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತವೆ. ಬೆಳ್ಳಿ ಕೊಳ್ಳುವಾಗ 925 ಗುರುತು (ಅಂದರೆ 92.5% ಬೆಳ್ಳಿ) ನೋಡಿ. ಕಲ್ಲಿನ ವಿಗ್ರಹ ಚೆನ್ನಾಗಿರುತ್ತದೆ, ಆದರೆ ವಿಮಾನದಲ್ಲಿ ಹೊತ್ತು ತರೋರು ಯಾರು?

ಸೀರೆ ಪ್ರಿಯರು ಪೂರ್ವದ ತೆಂಗನಾನ್ ಹಳ್ಳಿಯನ್ನು ಬಿಡಬೇಡಿ. ಅಲ್ಲಿನ ಗೆರಿಂಗ್‌ಸಿಂಗ್ ಬಟ್ಟೆಗೆ ನೇಯುವ ಮುಂಚೆಯೇ ಹಾಸು, ಹೊಕ್ಕು ಎರಡೂ ನೂಲನ್ನು ಕಟ್ಟಿ ಬಣ್ಣ ಹಾಕುತ್ತಾರೆ. ನೇಯುವಾಗ ಎರಡೂ ಕೂಡಿ ಚಿತ್ತಾರ ಮೂಡುತ್ತದೆ. ಗುಜರಾತಿನ ಪಟೋಲ ಗೊತ್ತಲ್ವಾ, ಅದೇ ವಿಧಾನ. ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ಬೆಲೆ ಕೇಳಿ ಗಾಬರಿಯಾಗಬೇಡಿ, ಸುಮ್ನೆ ಚೌಕಾಸಿಗೂ ಇಳಿಯಬೇಡಿ. ಬಜೆಟ್ ಸಾಲದಿದ್ದರೆ ಅದೇ ಊರಿನ ಆಟಾ ಬಳ್ಳಿಯ ಬುಟ್ಟಿ, ಬ್ಯಾಗು ತನ್ನಿ. ನನಗಂತೂ ಅವೇ ಇಷ್ಟ.

ಚೌಕಾಸಿ ಮಾಡಲೇಬೇಕು ಅನ್ನುವವರಿಗೆ ಸುಕಾವತಿ ಮಾರುಕಟ್ಟೆ ಇದೆ. ಬೆಳಿಗ್ಗೆ ಬೇಗ ಹೋಗಿ. ಬೋಣಿ ಗಿರಾಕಿಗೆ ಅಲ್ಲೂ ದರ ಇಳಿಸುತ್ತಾರೆ, ಆ ನೋಟನ್ನು ಉಳಿದ ಸಾಮಾನಿಗೆ ತಾಗಿಸುವುದನ್ನೂ ನೋಡಬಹುದು. ಅಲ್ಲಿನ ಹಣ ರುಪಿಯಾದಲ್ಲಿ ಸೊನ್ನೆ ಜಾಸ್ತಿ, ಕೊಡುವ ಮೊದಲು ಎಣಿಸಿಕೊಳ್ಳಿ.

ಆಮೆ ಚಿಪ್ಪು, ಹವಳದ ವಸ್ತು ಯಾರೇ ತೋರಿಸಿದರೂ ಮುಟ್ಟಬೇಡಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ.